ಬಾಯ್ಲರ್ ಲೋಲ್ಕೆಯ ಐದು ಗೋಪುರಗಳ ಸುತ್ತು

ನಮ್ಮ ಕಡೆ ಮನೆ ಬಿಸಿ ಮಾಡುವ ಬಾಯ್ಲರ್ ಅಟ್ಟದ ಮೇಲಿರುತ್ತದೆ. ಮಂಜುಗಡ್ಡೆಯ ಮೇಲೆ ಜಾರಲು ಕಟ್ಟಿಕೊಳ್ಳುವ ಸ್ಕೇಟುಗಳ ಪೆಟ್ಟಿಗೆಯೂ ಅಟ್ಟದ ಮೇಲೆ, ಅದೇ ಬಾಯ್ಲರಿನ ಹಿಂದೆ ಇರುತ್ತದೆ. ಬಾಯ್ಲರ್ ರಿಪೇರಿ ಮಾಡುವ ನನ್ನ ತಮ್ಮ ಲೋಲ್ಕೆಯ ಕಷ್ಟವೆಲ್ಲ ಶುರುವಾದದ್ದು ಇವೆರಡನ್ನೂ ಒಂದೇ ಮೂಲೆಯಲ್ಲಿಟ್ಟಿದ್ದರಿಂದ.

ಕಾಲುವೆ ಹೆಪ್ಪುಗಟ್ಟುವಂಥ ಚಳಿ ನಮಗೆ ಪ್ರತಿವರ್ಷ ಬರುವುದಿಲ್ಲ. ಮೂರೋ ನಾಲ್ಕೋ ಚಳಿಗಾಲಕ್ಕೊಮ್ಮೆ ಬಂದರೆ ನಮ್ಮ ಪುಣ್ಯ. ಬಂದ ದಿನ ಶಾಲೆಗೆ ರಜೆ, ಅಂಗಡಿಗೆ ಬೀಗ. ಇಡೀ ಟೆರ್ಸುಮ್ ಊರು ಒಂದೇ ಬೆಳಗ್ಗೆ ಎದ್ದೆನೋ ಬಿದ್ದೆನೋ ಎಂದು ಅಟ್ಟ ಹತ್ತಿ, ಧೂಳು ಹಿಡಿದ ಪೆಟ್ಟಿಗೆಯನ್ನು ದರದರ ಎಳೆಯುತ್ತದೆ. ಎಳೆದ ಭರಕ್ಕೆ ಬಾಯ್ಲರಿನ ಪ್ಲಗ್ ಗೋಡೆಯಿಂದ ಕಳಚಿಕೊಳ್ಳುತ್ತದೆ. ಯಾರೂ ನೋಡುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಮನೆ ತಣ್ಣಗೆ ಕೊರೆಯತೊಡಗಿದಾಗ ಮನೆಯಲ್ಲುಳಿದ ಮುದುಕಿಯರು ಬಾಯ್ಲರ್ ಕೆಟ್ಟುಹೋಯಿತೆಂದು ಲೋಲ್ಕೆಗೆ ಫೋನ್ ಮಾಡುತ್ತಾರೆ. ಅವನು ಮನೆಮನೆಗೆ ಹೋಗಿ, ಅಟ್ಟ ಹತ್ತಿ, ಪ್ಲಗ್ ಚುಚ್ಚಿ ಬರುತ್ತಾನೆ. ಹೋದಲ್ಲೆಲ್ಲ ಹೇಳಿಯೂ ಬರುತ್ತಾನೆ. ಆದರೆ ಮುಂದಿನ ಸಲ ಕಾಲುವೆ ಹೆಪ್ಪುಗಟ್ಟುವ ಹೊತ್ತಿಗೆ ಎಲ್ಲರೂ ಮರೆತಿರುತ್ತಾರೆ.

ಲೋಲ್ಕೆಗೆ ಮದುವೆಯಾಗಿಲ್ಲ. ಪಕ್ಕದ ಮನೆಯಲ್ಲೇ ಇದ್ದಾನೆ, ಊಟ ನಮ್ಮಲ್ಲಿ. ಊಟದ ಜೊತೆಗೆ ಬಾಯ್ಲರ್ ಪುರಾಣವನ್ನೂ ನಾನು ವರ್ಷಗಟ್ಟಲೆ ಕೇಳಿದ್ದೇನೆ. ದೊಡ್ಡ ಕಂಪನಿಗಳಿಗೆ ಫೋನ್ ಮಾಡಿದರೆ ಸಂಗೀತ ಕೇಳಿಸುತ್ತಾರೆ. ಲೋಲ್ಕೆಗೆ ಮಾಡಿದರೆ ಲೋಲ್ಕೆಯೇ ಎತ್ತುತ್ತಾನೆ, ಅದೂ ಬಾಯಲ್ಲಿ ನಾನು ಬಡಿಸಿದ ತುತ್ತಿಟ್ಟುಕೊಂಡು.

ಅವನು ಕೆಲಸ ಮಾಡುವ ಬಗೆಯೇ ಬೇರೆ. ಹಿತ್ತಲ ಬಾಗಿಲಲ್ಲಿ ಬೂಟು ಕಳಚಿಟ್ಟು, ತೂತುಬಿದ್ದ ಕಾಲುಚೀಲದಲ್ಲೇ ಒಳಗೆ ಹೋಗುತ್ತಾನೆ. ನೇರ ಬಾಯ್ಲರಿನ ಹತ್ತಿರ ಹೋಗುವವನಲ್ಲ. ಮೊದಲು ಒಂದೊಂದು ಕೋಣೆಯಲ್ಲೂ ಬಿಸಿನೀರು ಹರಿಯುವ ರೇಡಿಯೇಟರಿನ ಮೇಲೆ ಅಂಗೈ ಇಟ್ಟು, ಮಗುವಿಗೆ ಜ್ವರ ನೋಡುವವನಂತೆ ನಿಲ್ಲುತ್ತಾನೆ. ಕೆಳಗೆ ಬಿಸಿ, ಮೇಲೆ ತಣ್ಣಗೆ ಎಂದರೆ ಒಳಗೆ ಗಾಳಿ ಸೇರಿದೆ. ಪುಟ್ಟ ಕೀಲಿ ತಿರುಗಿಸಿ ಸುಸ್ಸೆಂದು ಬಿಟ್ಟು, ನೀರು ಜಿನುಗಿದ ಕೂಡಲೇ ಮುಚ್ಚಿದರಾಯಿತು. ಆಮೇಲೆ ಮನೆಯವರನ್ನು ಕೇಳುತ್ತಾನೆ:

"ನಿನ್ನೆ ಏನಾದ್ರೂ ಮಾಡಿದ್ರಾ?"

"ಏನೂ ಮಾಡಿಲ್ಲಪ್ಪ. ತಾನಾಗೇ ನಿಂತೋಯ್ತು."

ಎಲ್ಲ ಮನೆಯಲ್ಲೂ ಇದೇ ಉತ್ತರ. ಲೋಲ್ಕೆ ಕುಳಿತು ಒಂದು ಕಾಫಿ ಕುಡಿಯುತ್ತಾನೆ. ಜೊತೆಗೆ ಒಂದೇ ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚುತ್ತಾರೆ. ಎರಡನೆಯ ಕಾಫಿಯ ಹೊತ್ತಿಗೆ ನಿಜ ತಾನಾಗಿ ಹೊರಬೀಳುತ್ತದೆ. ಥರ್ಮೋಸ್ಟ್ಯಾಟಿನ ಕೆಳಗೇ ಸೌದೆ ಒಲೆ ಹೊತ್ತಿಸಿರುತ್ತಾರೆ; ಅದು ಮನೆಯೆಲ್ಲ ಬೆಚ್ಚಗಾಯಿತೆಂದು ನಂಬಿ ಬಾಯ್ಲರ್ ಆರಿಸಿರುತ್ತದೆ, ಮಹಡಿಯವರು ಗಡಗಡ ನಡುಗುತ್ತಿರುತ್ತಾರೆ. ಇಲ್ಲವೇ ಗಂಡಸು ಯಾರೋ ಚಳಿ ಜಾಸ್ತಿಯೆಂದು ನೀರೂ ಜಾಸ್ತಿ ತುಂಬಿ, ಒತ್ತಡದ ಮುಳ್ಳನ್ನು ಕೆಂಪು ಗೆರೆ ದಾಟಿಸಿರುತ್ತಾನೆ. ನಮ್ಮೂರ ರೆನ್ಸ್ಕೆ ಅಜ್ಜಿ ಥರ್ಮೋಸ್ಟ್ಯಾಟಿಗೆ ಚಳಿಯಾಗದಿರಲಿ ಎಂದು ಉಣ್ಣೆಯ ಕುಲಾವಿ ಹೆಣೆದು ತೊಡಿಸಿದ್ದಳು. ಲೋಲ್ಕೆ ಯಾರನ್ನೂ ಬೈಯುವುದಿಲ್ಲ. ಆ ಕುಲಾವಿಯನ್ನು ಮೆಲ್ಲಗೆ ತೆಗೆದು, ಹೆಣಿಗೆ ಚೆನ್ನಾಗಿದೆ ಎಂದು ಹೊಗಳಿ ಬಂದ. ನಾನಾಗಿದ್ದರೆ ಬಾಯಿಗೆ ಬಂದದ್ದು ಅಂದುಬಿಡುತ್ತಿದ್ದೆ.

ಇಂಥ ತಣ್ಣನೆಯ ಸ್ವಭಾವದವನಿಗೆ ಬಾಳಿನಲ್ಲಿ ಒಂದೇ ಒಂದು ಆಸೆಯಿತ್ತು. ಅದು ಐದು ಗೋಪುರಗಳ ಸುತ್ತು. ಕಾಲುವೆ ಗಟ್ಟಿಯಾಗಿ ಹೆಪ್ಪುಗಟ್ಟಿದ ವರ್ಷ ಟೆರ್ಸುಮ್‌ನಿಂದ ಹೊರಟು, ಒಂದೊಂದು ಹಳ್ಳಿಯ ಇಗರ್ಜಿಯ ಗೋಪುರದ ಕೆಳಗೂ ಚೀಟಿಗೆ ಮುದ್ರೆ ಹಾಕಿಸಿಕೊಂಡು, ಸೂರ್ಯ ಮುಳುಗುವುದರೊಳಗೆ ಸ್ಕೇಟಿನ ಮೇಲೇ ಹಿಂತಿರುಗಬೇಕು. ಮುಗಿಸಿದವರಿಗೆ ಹಿತ್ತಾಳೆಯದೊಂದು ಪುಟ್ಟ ಬಿಲ್ಲೆ. ನಮ್ಮೂರಿನಲ್ಲಿ ಅದಿಲ್ಲದ ಮನೆಯಿಲ್ಲ. ನನ್ನ ಹತ್ತಿರವೇ ಎರಡಿವೆ. ಲೋಲ್ಕೆಯ ಹತ್ತಿರ ಮಾತ್ರ ಇರಲಿಲ್ಲ.

ಹೊರಡುವುದಂತೂ ಪ್ರತಿ ಸಲವೂ ಹೊರಡುತ್ತಿದ್ದ. ಮೊದಲ ಸಲ, ಇನ್ನೂ ಕೈಫೋನ್ ಇಲ್ಲದ ಕಾಲ, ಎರಡನೆಯ ಗೋಪುರದ ಸೇತುವೆಯಿಂದ ಯಾರೋ ಬಟ್ಟೆ ಬೀಸಿ ನಿಲ್ಲಿಸಿದರು: ಬಾಯ್ಲರ್. ಇನ್ನೊಂದು ಸಲ ಊರಿನವರು ಸೇತುವೆಗೆ ಹಲಗೆಯನ್ನೇ ತೂಗುಹಾಕಿದ್ದರು, ಲೋಲ್ಕೆ ಬೇಗ ಬರಬೇಕು ಎಂದು. ಕೈಫೋನ್ ಬಂದ ಮೇಲೆ ಕೇಳುವುದೇ ಬೇಡ, ಮೊದಲ ಗೋಪುರವೂ ಕಾಣುತ್ತಿರಲಿಲ್ಲ. ಊರೆಲ್ಲ ಜಾರುತ್ತಿದ್ದರೆ ಇವನೊಬ್ಬ ವ್ಯಾನಿನಲ್ಲಿ ಕಾಲುವೆಯ ಪಕ್ಕದ ರಸ್ತೆಯಲ್ಲಿ ಹೋಗುತ್ತಿದ್ದ, ಕಿಟಕಿಯಿಂದ ನೋಡುತ್ತ. ಅದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು.

ಕೆಲವು ವರ್ಷಗಳ ಹಿಂದೆ ಅವನ ಬಲ ಮಂಡಿ ಕೈಕೊಟ್ಟಿತು. ಜೀವನವೆಲ್ಲ ಅಟ್ಟದ ಏಣಿ ಹತ್ತಿದ ಮಂಡಿ ಅದು, ಇನ್ನೆಷ್ಟು ತಡೆದೀತು. ಕೀಲು ಬದಲಿಸಬೇಕು ಎಂದು ಡಾಕ್ಟರು ಹೇಳಿದರು. ಬದಲಿಸಿದ ಮೇಲೆ ಸ್ಕೇಟಿನ ಮಾತು ಎತ್ತಬಾರದು ಎಂದೂ ಹೇಳಿದರು. ಅಷ್ಟು ಸಾಕಾಯಿತು, ನನ್ನ ತಮ್ಮ ಆಸ್ಪತ್ರೆಯ ಕಡೆ ತಲೆ ಹಾಕಿ ಮಲಗಲೂ ಒಲ್ಲ. ಸುತ್ತು ಮುಗಿಸಿಯೇ ಮಂಡಿ ಕೊಡುವುದು ಎಂದು ಹಟ ಹಿಡಿದ. ಒಂದು ಚಳಿಗಾಲ ಮಂಜುಗಡ್ಡೆ ಬರಲಿಲ್ಲ. ಮರುವರ್ಷವೂ ಬರಲಿಲ್ಲ. ಇವನು ಕುಂಟುತ್ತ ಏಣಿ ಹತ್ತುವುದು, ನೋವಿಗೆ ತುಟಿ ಕಚ್ಚುವುದು, ನಾನು ಅದನ್ನು ನೋಡಿ ಕೂಗಾಡುವುದು, ಇದೇ ಆಯಿತು.

ಕಳೆದ ಫೆಬ್ರವರಿಯಲ್ಲಿ ಚಳಿ ಬಂತು, ಅಂತಿಂಥ ಚಳಿಯಲ್ಲ. ನಮ್ಮ ಮಂಜುಗಡ್ಡೆಯ ಯಜಮಾನ ಗೆರ್ಲೋಫ್ ಕಾಲುವೆಯಲ್ಲಿ ತೂತು ಕೊರೆದು, ಅಳತೆಪಟ್ಟಿ ಇಳಿಸಿ, ಮುಖ ಗಂಟಿಕ್ಕಿಕೊಂಡೇ ನಾಳೆ ಸುತ್ತು ಎಂದು ಸಾರಿದ. ಗೆರ್ಲೋಫ್ ಸಂತೋಷದ ಸುದ್ದಿಯನ್ನೂ ಸಾವಿನ ಸುದ್ದಿಯಂತೆಯೇ ಹೇಳುವವನು.

ಮರುದಿನ ಬೆಳಗ್ಗೆ ಲೋಲ್ಕೆ ನನ್ನ ಅಡುಗೆಮನೆಯಲ್ಲಿ ಮಂಡಿಗೆ ಪಟ್ಟಿ ಸುತ್ತುತ್ತಿದ್ದ. ನಾನು ಕೈ ಚಾಚಿದೆ.

"ಫೋನ್ ಕೊಡು."

"ಯಾಕೆ?"

"ಕೊಡು ಅಂದೆ. ಇವತ್ತು ಬಾಯ್ಲರ್ ನಾನು ನೋಡ್ಕೋತೀನಿ."

"ಅಕ್ಕ, ನಿಂಗೇನು ಗೊತ್ತಾಗತ್ತೆ?"

"ಇಷ್ಟು ವರ್ಷ ಸಾರು ಬಡಿಸ್ತಾ ನಿನ್ನಿಂದ ಇನ್ನೇನು ಕೇಳಿದೀನಿ, ಕವಿತೇನಾ? ಪ್ಲಗ್ಗು, ಮುಳ್ಳು, ಗಾಳಿ, ಒಲೆ. ತಗೊಂಬಾ ಇಲ್ಲಿ."

ಅವನು ಫೋನನ್ನು ಎರಡು ಕೈಯಲ್ಲೂ ಹಿಡಿದು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕೊಟ್ಟ.

"ಗ್ಯಾಸ್ ವಾಸನೆ ಬಂತು ಅಂದ್ರೆ, ಇಲ್ಲಾ ನಿಂಗೆ ಗೊತ್ತಾಗ್ದೇ ಇರೋದು ಏನಾದ್ರೂ ಆದ್ರೆ ನೀನು ತಲೆ ಹಾಕ್ಬೇಡ. ನಂಗೆ ಹೇಳಿಕಳಿಸ್ಬೇಕು. ಆಣೆ ಮಾಡು."

ಆಣೆ ಮಾಡಿದೆ. ಅವನು ಹೊರಟ. ಬಗ್ಗಿ, ಕೈ ಬೆನ್ನಹಿಂದೆ ಕಟ್ಟಿ, ಎಡಗಾಲಿಗೆ ಹೆಚ್ಚು ಭಾರ ಕೊಟ್ಟು ಜಾರುತ್ತ ಹೋದದ್ದನ್ನು ಅವನು ಕಾಣುವಷ್ಟು ದೂರ ನೋಡಿದೆ. ಆಮೇಲೆ ಕಾಲುವೆಯ ದಡದ ನನ್ನ ಅಂಗಡಿಗೆ ಹೋದೆ. ಸುತ್ತಿನ ದಿನ ಬಟಾಣಿ ಸೂಪು, ಸೋಂಪು ಹಾಕಿದ ಬಿಸಿ ಹಾಲು ಮಾರುವುದು ನಾನೇ. ಸೌಟು ಒಂದು ಕೈಯಲ್ಲಿ, ಲೋಲ್ಕೆಯ ಫೋನ್ ಇನ್ನೊಂದರಲ್ಲಿ.

ಮೊದಲ ಕರೆ ಬೇಕರಿಯ ಡೌವೆಯದು.

"ಲೋಲ್ಕೆ, ಬಾಯ್ಲರ್ ಸತ್ತೋಗಿದೆ."

"ಲೋಲ್ಕೆ ಅಲ್ಲ, ಬೌಕ್ಯೆ. ಬೆಳಗ್ಗೆ ಸ್ಕೇಟ್ ಪೆಟ್ಟಿಗೆ ಎಳೆದ್ಯಾ?"

"ಎಳೆದೆ. ಅದಕ್ಕೂ ಇದಕ್ಕೂ ಏನು ಸಂಬಂಧ?"

"ಹತ್ತಿ ನೋಡು. ಪ್ಲಗ್ ಎಲ್ಲಿದೆ?"

ಏಣಿ ಕಿರಗುಟ್ಟಿತು. "ನೆಲದ ಮೇಲಿದೆ," ಎಂದ.

"ಹೋದ ಸಲನೂ ಅಲ್ಲೇ ಇತ್ತು. ಚುಚ್ಚು, ಫೋನಿಡು."

ಹೀಗೆ ಮಧ್ಯಾಹ್ನದವರೆಗೆ ಎಷ್ಟು ಪ್ಲಗ್ ಚುಚ್ಚಿಸಿದೆನೋ ಲೆಕ್ಕವಿಲ್ಲ. ಒಬ್ಬಳದು ಮುಳ್ಳು ಒಂದರ ಕೆಳಗೆ ಇಳಿದಿತ್ತು. ನೀರು ತುಂಬುವ ಪೈಪನ್ನು ಬಾಯ್ಲರಿಗೆ ಸಿಕ್ಕಿಸುವ ಮೊದಲು ಪೈಪಿನ ತುದಿಯವರೆಗೆ ನೀರು ಬರಿಸು, ಇಲ್ಲದಿದ್ದರೆ ಪೈಪಿನ ಗಾಳಿಯೆಲ್ಲ ಒಳಗೆ ಹೋಗುತ್ತದೆ ಎಂದೆ. ಮುಳ್ಳು ಒಂದೂವರೆಗೆ ಬಂದಾಗ ನಲ್ಲಿ ಮುಚ್ಚಿಸಿದೆ. ರೆನ್ಸ್ಕೆ ಅಜ್ಜಿಯೂ ಫೋನ್ ಮಾಡಿದಳು.

"ಒಲೆ ಹಚ್ಚಿದೀಯಾ ಅಜ್ಜಿ?"

"ಹಚ್ಚದೆ? ಹೊರಗೆ ಹೆಂಗಿದೆ ಗೊತ್ತಾ ನಿಂಗೆ?"

"ನಾನು ಹೊರಗೇ ಇದೀನಿ. ಒಲೆ ಸಣ್ಣ ಮಾಡು, ಬಾಯ್ಲರ್ ಎದ್ದೇಳತ್ತೆ."

"ನಿನ್ನ ತಮ್ಮ ಇಷ್ಟು ಒರಟಾಗಿ ಮಾತಾಡಲ್ಲಮ್ಮ," ಎಂದು ಅವಳು ಫೋನಿಟ್ಟಳು.

ಅಲ್ಲಿಯವರೆಗೆ ನನಗೆ ಭಲೇ ಖುಷಿ. ಲೋಲ್ಕೆ ಮೂರನೆಯ ಗೋಪುರ ದಾಟಿದ ಎಂದು ಜಾರಿ ಬಂದವರು ಹೇಳಿದಾಗ ಅವರಿಗೆ ಹಾಲಿಗೆ ಕಾಸು ಕೇಳಲಿಲ್ಲ. ಆಗ ನೀಂಕೆ ಫೋನ್ ಮಾಡಿದಳು.

ನೀಂಕೆ ಅದರ ಹಿಂದಿನ ತಿಂಗಳಷ್ಟೇ ಹೆತ್ತವಳು. ನಾಲ್ಕನೆಯ ಗೋಪುರ ದಾಟಿ ನಮ್ಮೂರಿಗೆ ಮರಳುವ ದಾರಿಯಲ್ಲಿ, ಕಾಲುವೆಯ ದಡದಲ್ಲಿ ಅವಳದು ಒಂಟಿ ಮನೆ. ಗಂಡ ಸುತ್ತಿಗೆ ಹೋಗಿದ್ದ, ಕಾರಿನ ಕೀಲಿ ಅವನ ಜೇಬಿನಲ್ಲೇ ಇತ್ತು.

"ಪ್ಲಗ್ ನೋಡಿದೆ," ಎಂದಳು, ನಾನು ಕೇಳುವ ಮೊದಲೇ. "ಮುಳ್ಳೂ ಸರಿಯಿದೆ. ಹೊತ್ಕೊಳ್ಳೋಕೆ ಹೋಗತ್ತೆ, ಆರೋಗತ್ತೆ. ಒಳಗೆ ಗುಳುಗುಳು ಅಂತಿದೆ, ಯಾರೋ ಬಾಯಿ ಮುಕ್ಕಳಿಸ್ತಿರೋ ಥರ."

ಆ ಸದ್ದು ಏನೆಂದು ನನಗೆ ಗೊತ್ತಿತ್ತು. ಬಾಯ್ಲರಿನ ಕೆಳಗೆ ಒಂದು ಪ್ಲಾಸ್ಟಿಕ್ ಲೋಟವಿರುತ್ತದೆ. ಸುಟ್ಟ ಗಾಳಿ ತಣಿದು ಆದ ನೀರು ಅದರ ಮೂಲಕ ಹರಿದುಹೋಗಬೇಕು. ಅದರಲ್ಲಿ ಕೆಸರು ಕಟ್ಟಿದರೆ ನೀರು ಮೇಲೇರಿ ಉರಿಯನ್ನು ಮುಳುಗಿಸುತ್ತದೆ. ತೊಳೆದರೆ ಸರಿಹೋಗುತ್ತದೆ. ಆದರೆ ತೊಳೆದ ಲೋಟಕ್ಕೆ ನೀರು ತುಂಬದೆ ಸಿಕ್ಕಿಸಿದರೆ, ಇಲ್ಲವೇ ಓರೆಯಾಗಿ ಸಿಕ್ಕಿಸಿದರೆ, ಸುಟ್ಟ ಗಾಳಿ ಮನೆಯೊಳಗೆ ಬರುತ್ತದೆ. ಅದಕ್ಕೆ ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ. ಆ ಒಂದು ವಿಷಯದಲ್ಲಿ ಲೋಲ್ಕೆ ನನಗೆ ತಮಾಷೆ ಮಾಡಲೂ ಬಿಟ್ಟವನಲ್ಲ.

ಬಾಯ್ಲರ್ ಆರಿಸು, ಮಗುವನ್ನು ಎದೆಗವಚಿಕೊಂಡು ಕಂಬಳಿ ಹೊದ್ದುಕೋ, ಯಾವುದನ್ನೂ ಬಿಚ್ಚಬೇಡ ಎಂದೆ. ಫೋನಿಟ್ಟೆ. ಸುಳ್ಳು ಹೇಳುವುದಿಲ್ಲ, ಲೋಲ್ಕೆಗೆ ಹೇಳದೆ ಇದ್ದುಬಿಡೋಣ ಎಂದು ಒಂದು ಗಳಿಗೆ ಅನಿಸಿತು. ವ್ಯಾನಿನಲ್ಲಿ ಹೋಗಿ ತಾಯಿಮಗುವನ್ನು ನಮ್ಮ ಮನೆಗೆ ಕರೆತಂದರೆ ಆಗುತ್ತಿರಲಿಲ್ಲವೇ? ಆಗುತ್ತಿತ್ತು. ಆದರೆ ಬಿಸಿಯಿಲ್ಲದ ಆ ಮನೆಯ ನೀರಿನ ಪೈಪುಗಳು ಆ ಚಳಿಗೆ ಬೆಳಗಾಗುವುದರೊಳಗೆ ಒಡೆಯುತ್ತಿದ್ದವು, ಮತ್ತೆ ನಾನು ಆಣೆ ಬೇರೆ ಮಾಡಿದ್ದೆ. ದಡದಲ್ಲಿ ಮುದ್ರೆ ಹಾಕಲು ಕುಳಿತಿದ್ದ ಗೆರ್ಲೋಫನ ಮೇಜಿನ ಹತ್ತಿರ ಹೋದೆ.

"ನಾಲ್ಕನೇ ಗೋಪುರಕ್ಕೆ ಫೋನ್ ಮಾಡು. ಲೋಲ್ಕೆ ಬಂದ್ರೆ ನೀಂಕೆ ಮನೆ ಹತ್ರ ನಿಲ್ಲೋಕೆ ಹೇಳು. ಬಾಯ್ಲರ್."

ಗೆರ್ಲೋಫ್ ನನ್ನನ್ನು ನೋಡಿದ. "ಈ ಸಲಾನೂನಾ?"

"ಈ ಸಲಾನೂ."

"ಹೇಳ್ತೀನಿ. ಆದ್ರೆ ಬೌಕ್ಯೆ, ನಿಯಮ ಗೊತ್ತಲ್ಲ. ಸ್ಕೇಟ್ ಬಿಚ್ಚಿದ್ರೆ ಸುತ್ತು ಮುಗೀತು."

ಅದು ನಮ್ಮ ಅಜ್ಜಂದಿರ ಕಾಲದ ನಿಯಮ. ಅಂದಿನ ಕೆಲವು ಚಾಲಾಕಿಗಳು ಸ್ಕೇಟು ಬಿಚ್ಚಿ, ಅರ್ಧ ದಾರಿ ಗಾಡಿಯಲ್ಲಿ ಬಂದು ಬಿಲ್ಲೆ ಹೊಡೆದಿದ್ದರು. ಅವರಿಂದಾಗಿ ಈಗ ನನ್ನ ತಮ್ಮನಿಗೆ ಕುತ್ತು. ನಿಯಮ ಇಲ್ಲದಿದ್ದರೂ ಅಷ್ಟೇ. ಊದಿದ ಮಂಡಿಯವನು ಒಮ್ಮೆ ಬಿಚ್ಚಿದರೆ ಮತ್ತೆ ಬಗ್ಗಿ ಕಟ್ಟಲಾರ. ಬಿಸಿ ಸೂಪಿನ ಹಂಡೆಯನ್ನು ಪಕ್ಕದವಳಿಗೆ ಒಪ್ಪಿಸಿ, ಲೋಲ್ಕೆಯ ವ್ಯಾನು ಹತ್ತಿ ದಡದ ರಸ್ತೆಯಲ್ಲಿ ಓಡಿಸಿದೆ.

ನೀಂಕೆಯ ಮನೆಗಿಂತ ಸ್ವಲ್ಪ ಮೊದಲು ಒಂದು ತಗ್ಗು ಸೇತುವೆಯಿದೆ. ಅದರ ಕೆಳಗೆ ಮಂಜುಗಡ್ಡೆ ಯಾವಾಗಲೂ ತೆಳು. ಮಣ್ಣುಕಲ್ಲಿಗೆ ಸ್ಕೇಟಿನ ಅಲಗು ಮೊಂಡಾಗದಿರಲಿ ಎಂದು ಅಲ್ಲಿ ಹಳೆಯ ಕಾರ್ಪೆಟ್ಟುಗಳನ್ನು ದಡದ ಮೇಲೆ ಹಾಸಿರುತ್ತಾರೆ. ಜನ ಸ್ಕೇಟು ಕಟ್ಟಿಕೊಂಡೇ ಅವುಗಳ ಮೇಲೆ ಬಾತುಕೋಳಿಗಳ ಹಾಗೆ ನಡೆದು ಸೇತುವೆಯ ಆಚೆ ಇಳಿಯುತ್ತಾರೆ. ಇದಕ್ಕೆ ಕ್ಲೂನ್ ಎನ್ನುತ್ತೇವೆ. ನಾನು ತಲುಪಿದಾಗ ಲೋಲ್ಕೆ ಆಗಲೇ ಅಲ್ಲಿಂದ ದಾಟಿ ಬಂದು ನೀಂಕೆಯ ಮನೆಯ ಎದುರು, ದಡದ ಮೇಲೆ ಕುಳಿತು ಸ್ಕೇಟಿನ ದಾರಕ್ಕೆ ಕೈ ಹಾಕಿದ್ದ. ಅವನ ಮುಖದಲ್ಲಿ ಬೇಸರವೂ ಇರಲಿಲ್ಲ. ನನಗೆ ಹೆಚ್ಚು ನೋವಾದದ್ದು ಅದಕ್ಕೇ.

"ಬಿಚ್ಬೇಡ," ಎಂದೆ.

"ಇನ್ನೇನು ಮಾಡ್ಲಿ, ಹಾರ್ಕೊಂಡು ಹೋಗ್ಲಾ?"

"ಬಾಯ್ಮುಚ್ಕೊಂಡು ಕೂತಿರು."

ಸೇತುವೆಗೆ ಓಡಿ, ಕಾರ್ಪೆಟ್ಟಿನ ಒಂದು ತುದಿ ಹಿಡಿದು ಎಳೆದೆ. ಅದರ ಮೇಲೆ ನಡೆಯುತ್ತಿದ್ದ ಗಂಡಸೊಬ್ಬ ಬೀಳುವುದರಲ್ಲಿದ್ದ, ಬೈದ. ನಾನೂ ಬೈದೆ. ಆಮೇಲೆ ಸಂಗತಿ ಹೇಳಿದೆ: ಒಳಗೆ ಹಸುಗೂಸಿದೆ, ಇವನು ಬಾಯ್ಲರ್ ಲೋಲ್ಕೆ. ಆ ಹೆಸರು ಕೇಳಿದ್ದೇ ಸಾಕು. ಹಿಂದೆ ಬರುತ್ತಿದ್ದವರೆಲ್ಲ ನಿಂತರು. ಅವರಲ್ಲಿ ಅರ್ಧದಷ್ಟು ಜನರ ಅಟ್ಟ ಅವನು ಹತ್ತಿದ್ದ. ಎರಡು ಕಾರ್ಪೆಟ್ ಸಿಕ್ಕವು. ದಡದಿಂದ ಬಾಗಿಲಿಗೆ ಅವು ಸಾಲಲಿಲ್ಲ. ಲೋಲ್ಕೆ ಒಂದನ್ನು ದಾಟುತ್ತಲೇ ಅದನ್ನು ಸುತ್ತಿ ಮುಂದಕ್ಕೆ ಕೊಡುತ್ತಿದ್ದರು, ಮುಂದಿನವರು ಹಾಸುತ್ತಿದ್ದರು. ನೀಂಕೆ ಬಾಗಿಲು ತೆರೆದು, ಸ್ಕೇಟು ಕಟ್ಟಿದ ಮನುಷ್ಯ ಹೊಸ್ತಿಲಲ್ಲಿ ನಿಂತಿರುವುದನ್ನು ಕಂಡು, ಬೈಠಕ್‌ಖಾನೆಯ ಕೆಂಪು ಕಾರ್ಪೆಟ್ ಎಳೆದು ಹಾಸಿದಳು.

"ಚೆನ್ನಾಗಿರೋ ಕಾರ್ಪೆಟ್ಟಮ್ಮ ಇದು," ಎಂದ ಲೋಲ್ಕೆ, ಹಿಂಜರಿಯುತ್ತ.

"ಅತ್ತೆ ಕೊಟ್ಟಿದ್ದು. ತುಳೀರಿ."

ಮೆಟ್ಟಿಲು ಕಡಿದಾಗಿತ್ತು. ಅವನು ಬೆನ್ನು ತಿರುಗಿಸಿ ಕುಳಿತು, ಒಂದೊಂದೇ ಮೆಟ್ಟಿಲಿಗೆ ತನ್ನನ್ನು ತಾನೇ ಎತ್ತಿಕೊಳ್ಳುತ್ತ ಹತ್ತಿದ, ಸ್ಕೇಟು ಎರಡೂ ಗಾಳಿಯಲ್ಲಿ. ನಾನು ಸಲಕರಣೆಯ ಪೆಟ್ಟಿಗೆ ಹಿಡಿದು ಹಿಂದೆ ಹೋದೆ. ಅಟ್ಟದಲ್ಲಿ ಬಿದ್ದಿದ್ದ ಹಳೆಯ ಹಾಸಿಗೆಯ ಮೇಲೆ ಮೊಣಕೈಯೂರಿ, ಕೆಳಗಿನ ಲೋಟವನ್ನು ತಿರುಗಿಸಿ ತೆಗೆದ. ಕಪ್ಪು ಗಸಿ ಬಗ್ಗಡವಾಗಿ ಸುರಿಯಿತು. ತೊಳೆದು, ರಬ್ಬರಿನ ಬಳೆ ಒರೆಸಿ, ಬಾಯಿಮಟ್ಟ ನೀರು ತುಂಬಿ, ಸಿಕ್ಕಿಸಿ, ಬೆರಳಾಡಿಸಿ ಸುತ್ತಲೂ ನೋಡಿದ. ಬಾಯ್ಲರ್ ಟಿಕಟಿಕ ಎಂದು, ಉಸ್ಸೆಂದು ಹೊತ್ತಿಕೊಂಡಿತು. ಈ ಸಲ ಆರಲಿಲ್ಲ.

"ಆಯ್ತಲ್ಲ, ನಡಿ. ಹೊತ್ತು ಮುಳುಗ್ತಿದೆ," ಎಂದೆ.

"ತಡಿ ಅಕ್ಕ."

ಕೆಳಗಿಳಿದು ಮಗುವಿನ ಕೋಣೆಯ ರೇಡಿಯೇಟರಿನ ಮೇಲೆ ಅಂಗೈಯಿಟ್ಟು ನಿಂತ. ಕಿಟಕಿಯಾಚೆ ಆಕಾಶ ಕೆಂಪಾಗುತ್ತಿತ್ತು. ನನಗೆ ಒಂದೊಂದು ನಿಮಿಷವೂ ಯುಗವಾಗಿತ್ತು; ಅವನನ್ನು ತಳ್ಳಿಬಿಡೋಣ ಎನಿಸುತ್ತಿತ್ತು. ಅವನು ಮಾತ್ರ ಮೇಲಿನ ಅಂಚು, ಕೆಳಗಿನ ಅಂಚು ಎಲ್ಲ ಮುಟ್ಟಿ, ಬೆಚ್ಚಗಾದದ್ದನ್ನು ಕೈಯಾರೆ ತಿಳಿದ ಮೇಲೆಯೇ ನೀಂಕೆಗೆ ತಲೆಯಾಡಿಸಿದ. ಹೊರಗೆ ಕಾರ್ಪೆಟ್ ಹಿಡಿದವರು ಹಾಗೆಯೇ ನಿಂತಿದ್ದರು, ತಮ್ಮ ಸುತ್ತು ತಡವಾಗುತ್ತಿದೆ ಎಂದು ಒಬ್ಬರೂ ಅನ್ನಲಿಲ್ಲ. ಅವರೊಂದಿಗೇ ಅವನು ಕಾಲುವೆಗಿಳಿದ.

ನಾನು ವ್ಯಾನಿನಲ್ಲಿ ಮೊದಲೇ ಟೆರ್ಸುಮ್ ತಲುಪಿ ಗೆರ್ಲೋಫನ ಮೇಜಿನ ಪಕ್ಕ ನಿಂತೆ. ಸೂರ್ಯ ಐದನೆಯದಾದ ನಮ್ಮೂರ ಗೋಪುರದ ಪಕ್ಕಕ್ಕೆ ಇಳಿದಿದ್ದ. ಗೆರ್ಲೋಫ್ ಮುದ್ರೆಯನ್ನು ಕೈಯಲ್ಲೇ ಹಿಡಿದು ಪಡುವಣ ದಿಕ್ಕನ್ನು ನೋಡುತ್ತಿದ್ದ; ಅವನೊಂದಿಗೆ ವಾದ ಮಾಡಿ ಫಲವಿಲ್ಲ ಎಂದು ನನಗೆ ಗೊತ್ತಿತ್ತು. ಆಗ ಕಾಲುವೆಯ ತಿರುವಿನಲ್ಲಿ ಒಂದು ಗುಂಪು ಕಾಣಿಸಿತು. ಕಾರ್ಪೆಟ್ ಹಿಡಿದಿದ್ದವರೇ. ಗಾಳಿಗೆ ಅಡ್ಡವಾಗಿ ಮುಂದೆ ಸಾಲುಗಟ್ಟಿ ಬರುತ್ತಿದ್ದರು, ಅವರ ಬೆನ್ನಿನ ಮರೆಯಲ್ಲಿ ಲೋಲ್ಕೆ. ಬಲಗಾಲನ್ನು ಎಳೆಯುತ್ತಿದ್ದ, ಎಡಗಾಲಿನಿಂದಲೇ ತಳ್ಳುತ್ತಿದ್ದ. ಮೇಜು ಹತ್ತಿರವಾದಾಗ ಮುಂದಿನವರು ಎರಡು ಬದಿಗೆ ಸರಿದು ಅವನಿಗೆ ದಾರಿ ಬಿಟ್ಟರು.

ಸೂರ್ಯನ ಕೊನೆಯ ಅಂಚು ಇನ್ನೂ ಕಾಣುತ್ತಿತ್ತು. ಲೋಲ್ಕೆ ಚೀಟಿ ಚಾಚಿದ. ಗೆರ್ಲೋಫ್ ಅದನ್ನು ಮುಟ್ಟದೆ ಅವನ ಕಾಲು ನೋಡಿದ.

"ಬಿಚ್ಚಿದ್ಯಾ?"

"ಇಲ್ಲ."

"ಅಲಗಿಗೆ ಏನದು ಕೆಂಪಗೆ?"

"ನೀಂಕೆಯವರ ಅತ್ತೆ ಕೊಟ್ಟ ಕಾರ್ಪೆಟ್ಟು."

ಗೆರ್ಲೋಫ್ ಮುಖದ ಗಂಟು ಸಡಿಲಿಸದೆ ಮುದ್ರೆ ಒತ್ತಿದ, ಬಿಲ್ಲೆಯನ್ನು ಅವನ ಕೋಟಿಗೆ ಚುಚ್ಚಿದ. ಚುಚ್ಚುವಾಗ ಪಿನ್ನು ಎರಡು ಸಲ ಜಾರಿತು. ಚಳಿಗೆ ಎಂದು ಆಮೇಲೆ ನನಗೆ ಹೇಳಿದ, ನಾನು ಕೇಳದಿದ್ದರೂ.

ಲೋಲ್ಕೆಯನ್ನು ಬೆಂಚಿನ ಮೇಲೆ ಕೂರಿಸಿ ಸೋಂಪು ಹಾಲು ಕೊಟ್ಟೆ. ಜನ ಬಂದು ಬೆನ್ನು ತಟ್ಟಿ ಹೋಗುತ್ತಿದ್ದರು. ಅವನು ಹಾಲಿನ ಲೋಟದೊಳಗೆ ನೋಡಿಕೊಂಡು ನಗುತ್ತಿದ್ದ. ಬಗ್ಗಲು ಅವನಿಗಾಗಲಿಲ್ಲ. ನಾನು ಮಂಜಿನ ಮೇಲೆ ಮೊಣಕಾಲೂರಿ ದಾರ ಬಿಚ್ಚತೊಡಗಿದೆ. ಮಂಡಿ ಕುಂಬಳಕಾಯಿಯಂತೆ ಊದಿತ್ತು. ಬೈಯಲು ಹೊರಟವಳು ಇಷ್ಟೇ ಕೇಳಿದೆ:

"ನೋಯ್ತಿದೆಯೇನೋ?"

"ಹೂಂ," ಎಂದ. ಇಷ್ಟು ವರ್ಷದಲ್ಲಿ ಅವನು ಹಾಗೆ ಒಪ್ಪಿಕೊಂಡದ್ದು ಅದೇ ಮೊದಲು.

ಸ್ಕೇಟು ಎರಡನ್ನೂ ಕಳಚಿ ಪಕ್ಕಕ್ಕಿಟ್ಟೆ. ಅವನು ಕಾಲು ಚಾಚಿ, ಕತ್ತಲಾಗುತ್ತಿದ್ದ ಕಾಲುವೆಯನ್ನು ಒಮ್ಮೆ ಆ ತುದಿಯಿಂದ ಈ ತುದಿಯವರೆಗೆ ನೋಡಿದ.

"ಅಕ್ಕ, ನಾಳೆ ಆಸ್ಪತ್ರೆಗೆ ಫೋನ್ ಮಾಡು. ಮಂಡಿ ಯಾವಾಗ ಬೇಕು ಅಂತ ಕೇಳು."